ಜಾಡಿ ಮಲಗಿದ್ದ ದಿನಗಳು

ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಹತ್ತಾರು ಸಂಸಾರಗಳಿರುವ ನಮ್ಮ ಗುಂಡುಮನೆಯ ಅಂಗಳಕ್ಕೆ ಬಿಸಿಲು ಇಳಿಯುವುದು ಹತ್ತು ಗಂಟೆಯ ಮೇಲೆ. ಮಣ್ಣಿನ ಗೋಡೆ ನಾಲ್ಕು ಅಂತಸ್ತು ಎತ್ತರ. ಸೂರ್ಯ ಅದನ್ನು ಹತ್ತಿ ಈಚೆಗೆ ಬರುವಷ್ಟರಲ್ಲಿ ಹೆಂಗಸರು ಎರಡು ಬುಟ್ಟಿ ಪರ್ಸಿಮನ್ ಹಣ್ಣು ಸುಲಿದು ಮುಗಿಸಿರುತ್ತಾರೆ. ಸುಲಿದದ್ದನ್ನು ಬಿದಿರಿನ ತಟ್ಟೆಗಳಲ್ಲಿ ಹರಡಬೇಕು, ಬಿಸಿಲು ಸರಿದ ಹಾಗೆ ತಟ್ಟೆ ಸರಿಸಬೇಕು, ಸಂಜೆಗೆ ಒಂದೊಂದು ಹಣ್ಣನ್ನೂ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಬೇಕು. ಹದಿನೈದು ದಿನ ಹೀಗೆ ಮಾಡಿದರೆ ಹಣ್ಣಿನ ಮೇಲೆ ಬಿಳಿ ಸಕ್ಕರೆ ಮೂಡುತ್ತದೆ.

ಸರ್ಕಾರಿ ರಜೆಯ ವಾರ ಮುಗಿದು ಎರಡು ದಿನವಾಗಿತ್ತು. ಆ ವಾರ ಹಳೆಯ ಮನೆ ನೋಡಲು ಬಂದವರ ಕಾಲಡಿಯಲ್ಲಿ ಹಣ್ಣು ಹರಡಲು ಜಾಗವೇ ಇರಲಿಲ್ಲ. ಈಗ ಅಂಗಳ ಮತ್ತೆ ನಮ್ಮದಾಗಿತ್ತು. ಯಿನ್‌ಮೆಯ್ ಮುದುಕಿ ಸುಲಿಯುವ ಚಾಕುವನ್ನು ಸೊಸೆಯ ಕೈಗೆ ಕೊಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಕೆಂಪು ಕಾಗದದ ಮೂರು ಚೂರುಗಳನ್ನು ಕಿಸೆಯಲ್ಲಿಟ್ಟುಕೊಂಡು ಮೆಟ್ಟಿಲ ಕಡೆ ನಡೆದಳು.

“ಅತ್ತೆ, ಮಂಡಿ?” ಎಂದಳು ಸೊಸೆ ಚೈಯುನ್.

“ನನ್ನ ಮಂಡಿ ನನಗೆ ಗೊತ್ತು. ನೀನು ಸಿಪ್ಪೆ ದಪ್ಪಗೆ ತೆಗೀಬೇಡ.”

ಈ ಮನೆಯಲ್ಲಿ ಪ್ರತಿ ಸಂಸಾರಕ್ಕೂ ನೆಲದಿಂದ ಸೂರಿನವರೆಗೆ ಒಂದೊಂದು ಸೀಳು: ಕೆಳಗೆ ಅಡುಗೆಮನೆ, ಅದರ ಮೇಲೆ ಕಣಜ, ಅದರ ಮೇಲೆ ಮಲಗುವ ಕೋಣೆಗಳು. ಮಂಡಿನೋವು ಶುರುವಾದ ಮೇಲೆ ಯಿನ್‌ಮೆಯ್ ಅಡುಗೆಮನೆಯ ಮೂಲೆಯಲ್ಲೇ ಮಂಚ ಹಾಕಿಸಿಕೊಂಡಿದ್ದಳು. ಕಣಜಕ್ಕೆ ಹತ್ತಿ ನಾಲ್ಕು ತಿಂಗಳಾಗಿತ್ತು. ಇವತ್ತು ಒಂದೊಂದು ಮೆಟ್ಟಿಲಿಗೂ ಎರಡು ಕಾಲನ್ನೂ ಊರಿ ಊರಿ ಹತ್ತಿದಳು.

ಕಣಜದ ಮೂಲೆಯಲ್ಲಿ ಮೂರು ಜಾಡಿಗಳಿದ್ದವು. ಮೂರನ್ನೂ ಚೊಕ್ಕವಾಗಿ ತೊಳೆದು ಬೋರಲು ಹಾಕಿತ್ತು.

“ಚೈಯುನ್! ಏ ಚೈಯುನ್!”

ಗುಂಡಗಿನ ಮನೆಯಲ್ಲಿ ಕೂಗು ಒಂದು ಸುತ್ತು ಹೊಡೆದು ಕೂಗಿದವರ ಕಿವಿಗೇ ಬಂದು ಬೀಳುತ್ತದೆ. ಅಂಗಳದಲ್ಲಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಹೆಬ್ಬಾಗಿಲಲ್ಲಿ ಟಿಕೆಟ್ ಹರಿಯುತ್ತ ಕೂತಿದ್ದ ಮುದುಕಿಯ ಗಂಡ ಶುಯ್‌ಗೆನ್ ಅಲ್ಲಿಂದಲೇ, “ಏನಾಯ್ತೇ? ಇಲಿ ಬಂತಾ?” ಎಂದ.

ಚೈಯುನ್ ಕೈಯಲ್ಲಿ ಚಾಕು ಹಿಡಿದೇ ಓಡಿ ಬಂದಳು.

“ಜಾಡೀಲಿದ್ದ ಹೆಂಡ ಎಲ್ಲಿ?”

“ಮಾರಿದೆ ಅತ್ತೆ, ರಜೇಲಿ. ಸಣ್ಣ ಬಾಟ್ಲಿಗೆ ಇಪ್ಪತ್ತು ಯುವಾನ್. ಹೆಂಡ ಚೆನ್ನಾಗಿ ಹೋಗ್ತಿದೆ ಅಂತ ಅವತ್ತೇ ಹೇಳಿದ್ನಲ್ಲ ನಿಮಗೆ?”

“ನಾನು ಕೆಳಗಡೆ ಜಾಡೀದು ಅಂದ್ಕೊಂಡೆ!”

“ಅದು ಎರಡನೇ ದಿನಕ್ಕೇ ಮುಗೀತು.”

ಮುದುಕಿ ಕಣಜದ ಹೊಸ್ತಿಲ ಮೇಲೆ ಕುಸಿದು ಕೂತಳು. “ಅದು ಬಾಣಂತಿ ಹೆಂಡ ಕಣೇ. ರುಯ್‌ಚಿನ್‌ದು.”

ರುಯ್‌ಚಿನ್ ಅವಳ ಮಗಳು. ಶಿಯಾಮೆನ್ ಪಟ್ಟಣಕ್ಕೆ ಮದುವೆಯಾಗಿ ಹೋಗಿ ಹನ್ನೊಂದು ವರ್ಷ, ವಯಸ್ಸು ಮೂವತ್ತೇಳು, ಈಗ ಎಂಟು ತಿಂಗಳು ತುಂಬಿತ್ತು. ನಮ್ಮ ಹೆಂಗಸರಿಗೆ ಅಂಟಕ್ಕಿ ಹೆಂಡವಿಲ್ಲದೆ ಬಾಣಂತನವಿಲ್ಲ. ಶುಂಠಿ ಹುರಿದು, ಕೋಳಿ ಹಾಕಿ, ಹೆಂಡ ಸುರಿದು ಕುದಿಸಿದ್ದನ್ನು ಮೂವತ್ತು ದಿನ ತಿನ್ನಬೇಕು. ಆ ಹೆಂಡವನ್ನು ಅವ್ವನೋ ಅತ್ತೆಯೋ ಚಳಿಗಾಲದಲ್ಲೇ ಹಾಕಿಟ್ಟಿರಬೇಕು.

ಚೈಯುನ್‌ಳ ಮುಖ ಬಿಳಿಚಿತು. “ಕೆಂಪು ಕಾಗದ ಅಂಟಿಸಿರ್ಲಿಲ್ಲ, ಅತ್ತೆ. ಕಾಗದ ಇದ್ದಿದ್ರೆ ನಾನು ಮುಟ್ತಿದ್ನಾ?”

ಯಿನ್‌ಮೆಯ್ ಕಿಸೆಯಿಂದ ಮೂರು ಚೂರು ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. “ಹಿಂದೆ ಅವಳು ಬಸುರಾದಾಗ ಎರಡು ಸಲ ಅಂಟಿಸಿ, ಬಸಿರು ಇಳಿದು ಹೋಗಿ ಎರಡು ಸಲಾನೂ ನಾನೇ ಕಿತ್ತು ಹಾಕಿದ್ದೀನಿ. ಈ ಸಲ ಎಂಟು ತುಂಬೋ ತನಕ ಬೇಡ ಅನ್ನಿಸ್ತು.”

ಕೆಳಗಿನಿಂದ ಶುಯ್‌ಗೆನ್ ಮತ್ತೆ ಕೂಗಿದ: “ಇಲಿ ಎಷ್ಟು ದೊಡ್ಡದಿದೆ?”

ಸಂಜೆ ಊಟಕ್ಕೆ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಹಾಕಿ ಬೇಯಿಸಿದ ಹಂದಿಮಾಂಸ, ಸೋಯಾ ಗಿಣ್ಣು, ಅನ್ನ. ಮುದುಕಿಯೇ ಮಾಡಿದ್ದಳು. ಒಂಬತ್ತು ವರ್ಷದ ಮೊಮ್ಮಗಳು ಲಿನ್‌ಲಿನ್ ಒಂದು ತುತ್ತು ಬಾಯಿಗಿಟ್ಟು, “ಅಜ್ಜಿ, ಉಪ್ಪು!” ಎಂದಳು. ಚೈಯುನ್ ಮಗಳ ಬಟ್ಟಲಿಗೆ ಸುಮ್ಮನೆ ಒಂದಿಷ್ಟು ಬಿಸಿನೀರು ಸುರಿದಳು. ಕೆಲವು ತಿಂಗಳಿಂದ ಹೀಗೇ ನಡೆದಿತ್ತು.

ಮಗ ವೆನ್‌ಕುಯ್ ರೈಲ್ವೆ ನಿಲ್ದಾಣದಿಂದ ಪ್ರವಾಸಿಗಳನ್ನು ಕರೆತರುವ ವ್ಯಾನು ಓಡಿಸುವವನು. ಸುಸ್ತಾಗಿ ಬಂದು ಕೂತಿದ್ದ. ವಿಷಯ ಕೇಳಿ, “ಇಷ್ಟಕ್ಕೆ ಯಾಕವ್ವಾ ಗಲಾಟೆ? ಪೇಟೇಲಿ ಸಿಗುತ್ತೆ. ನಾಳೆ ಮೂವತ್ತು ಕಿಲೋ ತರ್ತೀನಿ,” ಎಂದ.

“ಪೇಟೆ ಹೆಂಡಕ್ಕೆ ಏನೇನು ಸುರೀತಾರೋ! ಅದನ್ನ ಕುಡಿದ ಬಾಣಂತಿಗೆ ಸೊಂಟ ನಿಲ್ಲುತ್ತಾ? ಮೈ ಕಟ್ಟುತ್ತಾ?”

ಚೈಯುನ್ ಊಟದ ಕಡ್ಡಿಗಳನ್ನು ಬಟ್ಟಲ ಮೇಲೆ ಅಡ್ಡ ಇಟ್ಟಳು. “ಲಿನ್‌ಲಿನ್ ಹುಟ್ಟಿದಾಗ ನಾನು ಕುಡಿದದ್ದು ಪೇಟೆ ಹೆಂಡಾನೇ ಅಲ್ವಾ ಅತ್ತೆ?”

ಶುಯ್‌ಗೆನ್ ಸೋಯಾ ಗಿಣ್ಣಿನ ಒಂದು ತುಂಡನ್ನು ಬಹಳ ಹೊತ್ತು ಅಗಿದ.

“ಆ ವರ್ಷ ಹುಳಿ ಬಂತು,” ಎಂದಳು ಯಿನ್‌ಮೆಯ್. “ನಾನೇನು ಬೇಕು ಅಂತ ಹುಳಿ ಮಾಡಿದ್ನಾ?”

ಚೈಯುನ್ ಎದ್ದು ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಹೆಂಡ ಮಾರಿದ ಅಷ್ಟೂ ದುಡ್ಡು ಅದರಲ್ಲಿತ್ತು. “ತಗೊಳ್ಳಿ. ಒಂದು ಯುವಾನೂ ಮುಟ್ಟಿಲ್ಲ.”

“ಇದನ್ನ ಹಾಕಿ ಕೋಳಿ ಬೇಯಿಸ್ಲಾ?”

“ಹಾಗಾದ್ರೆ ಹೇಳಿ, ಏನು ಮಾಡ್ಲಿ ನಾನು? ಕುಡಿದೋರ ಹೊಟ್ಟೆಯಿಂದ ವಾಪಸ್ ತರ್ಲಾ?”

ಲಿನ್‌ಲಿನ್ ಕಿಸಕ್ಕನೆ ನಕ್ಕಳು. ವೆನ್‌ಕುಯ್ ಅವಳ ತಲೆಗೆ ಮೊಟಕಿ, ತಾನೂ ನಗು ತಡೆಯಲಾರದೆ ಬಟ್ಟಲಲ್ಲಿ ಮುಖ ಹುದುಗಿಸಿದ.

ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿದಳು. ಹೆರಿಗೆಗೆ ಇನ್ನು ಇಪ್ಪತ್ತೆರಡು ದಿನ. “ಹೊಸದಾಗಿ ಹಾಕೋಣ,” ಎಂದಳು. “ಈ ಬಿಸಿಲಲ್ಲಿ ಹುಳಿ ಬರೋದೇ ಜಾಸ್ತಿ. ಆದ್ರೂ ಹಾಕೋಣ. ಆದ್ರೆ ಅಕ್ಕಿ ಹುದುಗಿಸೋ ನನ್ನ ಹೆಪ್ಪಿನ ಉಂಡೆಗೆಲ್ಲ ಹುಳ ಬಿದ್ದಿದೆ. ಅಂಟಕ್ಕೀನೂ ಹತ್ತು ಕಿಲೋ ಮೇಲೆ ಇಲ್ಲ.”

“ನಮ್ಮವ್ವನ ಹತ್ರ ಇದೆ,” ಎಂದಳು ಚೈಯುನ್.

“ನಿಮ್ಮವ್ವನ ಹೆಪ್ಪು ಕಹಿ.”

“ನೀವು ಯಾವಾಗ ರುಚಿ ನೋಡಿದ್ರಿ?”

“ನಿನ್ನ ಮದುವೇಲಿ.”

ಮಾರನೆಯ ಬೆಳಗ್ಗೆ ಚೈಯುನ್ ಸ್ಕೂಟರ್ ಹತ್ತಿ ಗುಡ್ಡದಾಚೆಯ ತವರಿಗೆ ಹೋಗಿ, ಮಧ್ಯಾಹ್ನಕ್ಕೆ ಇಪ್ಪತ್ತು ಕಿಲೋ ಅಂಟಕ್ಕಿ, ಒಂದು ಕೈಚೀಲ ಹೆಪ್ಪಿನ ಉಂಡೆ ತಂದಳು. ಯಿನ್‌ಮೆಯ್ ಒಂದು ಉಂಡೆಯನ್ನು ಮೂಗಿಗೆ ಹಿಡಿದು, ಪುಡಿ ಮಾಡಿ, ಬೆಳಕಿಗೆ ಹಿಡಿದು ನೋಡಿದಳು. “ಪರವಾಗಿಲ್ಲ,” ಎಂದಳು. ಬೀಗತಿಯ ವಿಷಯದಲ್ಲಿ ಅವಳ ಬಾಯಿಂದ ಇಷ್ಟು ಬಂದದ್ದು ಅದೇ ಮೊದಲು.

ಅಕ್ಕಿಯನ್ನು ಒಂದು ದಿನ ನೆನೆಹಾಕಿ, ಮರದ ಪೀಪಾಯಿಯಲ್ಲಿ ಹಬೆಗಿಟ್ಟು ಬೇಯಿಸಿದರು. ಬಾವಿಯ ತಣ್ಣೀರು ಸುರಿದು ಆರಿಸಿದರು. ಅತ್ತೆ ಹೆಪ್ಪಿನ ಪುಡಿ ಉದುರಿಸಿದರೆ ಸೊಸೆ ಕೈಯಾಡಿಸಿದಳು. ಎರಡು ದೊಡ್ಡ ಜಾಡಿಗಳಿಗೆ ತುಂಬಿ, ನಡುವೆ ಮುಷ್ಟಿಯಿಂದ ಗುಳಿ ಮಾಡಿ, ಬಾಯಿ ಮುಚ್ಚಿ, ಹಳೆಯ ದುಪ್ಪಟಿ ಹೊದಿಸಿ ಅಡುಗೆಮನೆಯ ತಂಪು ಗೋಡೆಗೆ ಒರಗಿಸಿದರು. ಹೆಂಡ ಬರುವುದು ಆ ಗುಳಿಯಲ್ಲಿ. ಬರುವ ತನಕ ನಾವು ‘ಜಾಡಿ ಮಲಗಿದೆ’ ಎನ್ನುತ್ತೇವೆ.

ಜಾಡಿ ಮಲಗಿರುವಾಗ ಆ ಮನೆಯಲ್ಲಿ ಜಗಳ ಆಡಬಾರದು. ಒಂದು ಕೆಟ್ಟ ಮಾತು ಬಿದ್ದರೂ ಹೆಂಡ ಹುಳಿ. ಇದನ್ನು ನಂಬದವರು ಇರಬಹುದು, ಪರೀಕ್ಷೆ ಮಾಡಲು ಹೋದವರು ಮಾತ್ರ ನಮ್ಮಲ್ಲಿ ಯಾರೂ ಇಲ್ಲ.

ಕಷ್ಟವಾದದ್ದು ಇಲ್ಲೇ. ಯಿನ್‌ಮೆಯ್ ಎಂದರೆ ಬಾಯಿಗೆ ಹೆಸರಾದವಳು. ಬೆಳಗ್ಗೆ ಎದ್ದು ಕೋಳಿಗೆ, ಗಂಡನಿಗೆ, ಒಲೆಗೆ, ಸೊಸೆಗೆ, ಇದೇ ಕ್ರಮದಲ್ಲಿ ಬೈದರೆ ಅವಳಿಗೆ ದಿನ ಶುರುವಾದ ಹಾಗೆ. ಚೈಯುನ್ ಏನೂ ಕಡಿಮೆಯಲ್ಲ, ಆದರೆ ಅವಳದು ಒಂದೇ ಮಾತು, ಸೂಜಿಯಂಥದ್ದು. ಇಬ್ಬರೂ ಈಗ ಅಡುಗೆಮನೆಯಲ್ಲಿ ನೆಂಟರ ಮನೆಗೆ ಬಂದವರ ಹಾಗೆ ಓಡಾಡಿದರು.

“ಒಲೆಗೆ ಸ್ವಲ್ಪ ಸೌದೆ ಜಾಸ್ತಿ ಆಯ್ತೇನೋ ಅಲ್ವಾ ಮಗಳೇ?”

“ಹೌದೇನೋ ಅತ್ತೆ. ತೆಗೀತೀನಿ.”

ವೆನ್‌ಕುಯ್ ಬಾಗಿಲಲ್ಲಿ ನಿಂತು ಇದನ್ನು ಕೇಳಿ, “ನನಗೆ ಭಯ ಆಗ್ತಿದೆ,” ಎಂದು ಅಪ್ಪನ ಹತ್ತಿರ ಹೇಳಿದ.

ಎರಡನೇ ದಿನ ಮಧ್ಯಾಹ್ನ ಮುದುಕಿಯ ಮುಖ ಕೆಂಪಾಯಿತು. ಹಣ್ಣಿನ ತಟ್ಟೆ ಸರಿಸಲು ಮರೆತು ಚೈಯುನ್ ಪ್ರವಾಸಿಗಳಿಗೆ ಚಹಾ ಹಾಕುತ್ತ ಕೂತಿದ್ದಳು. ಅರ್ಧ ತಟ್ಟೆ ನೆರಳಲ್ಲಿ ಬಿದ್ದಿತ್ತು. ಯಿನ್‌ಮೆಯ್ ತುಟಿ ಬಿಗಿಹಿಡಿದು ಸೊಸೆಯ ತೋಳು ತಟ್ಟಿದಳು. “ಹೊರಗೆ ಬಾ.”

ಇಬ್ಬರೂ ಅಂಗಳ ದಾಟಿ, ಹೆಬ್ಬಾಗಿಲು ದಾಟಿ, ಶುಯ್‌ಗೆನ್‌ನ ಟಿಕೆಟ್ ಮೇಜು ದಾಟಿ, ಹಳ್ಳದ ಪಕ್ಕದ ಕರ್ಪೂರದ ಮರದ ಕೆಳಗೆ ಹೋಗಿ ನಿಂತರು. ಅಲ್ಲಿ ಬಾಯಿ ಬಿಟ್ಟರು.

“ಕಣ್ಣು ಎಲ್ಲಿಟ್ಟಿದ್ದೆ? ಹಣ್ಣು ಬೂಷ್ಟು ಹಿಡಿದ್ರೆ ನಿಮ್ಮಪ್ಪ ಬಂದು ತಿಂತಾನಾ?”

“ನಾನೊಬ್ಳೇ ಏನೇನು ನೋಡ್ಲಿ? ಚಹಾ ನೋಡ್ಲಾ, ಹಣ್ಣು ನೋಡ್ಲಾ, ನಿಮ್ಮ ಮೂತಿ ನೋಡ್ಲಾ?”

“ನನ್ನ ಮೂತಿ ನೋಡೋಕೆ ಟಿಕೆಟ್ ಬೇಕಾಗಿಲ್ಲ!”

ಕಾಲು ಗಂಟೆ ಹೀಗೆ ನಡೆಯಿತು. ಆಮೇಲೆ ಇಬ್ಬರೂ ಅಂಗಿತೋಳಿನಿಂದ ಮುಖ ಒರೆಸಿಕೊಂಡು, ಬಾಯಿ ಮುಚ್ಚಿಕೊಂಡು, ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಟಿಕೆಟ್ ಕೊಳ್ಳುತ್ತಿದ್ದ ಪಟ್ಟಣದವನೊಬ್ಬ ಶುಯ್‌ಗೆನ್‌ನನ್ನು ಕೇಳಿದ: “ಇದೂ ಟಿಕೆಟ್‌ನಲ್ಲಿ ಸೇರಿದ್ಯಾ ಯಜಮಾನ್ರೇ?”

“ಇಲ್ಲ. ಇದು ಉಚಿತ,” ಎಂದ ಶುಯ್‌ಗೆನ್.

ಅಡುಗೆಮನೆಯ ಬಾಗಿಲಲ್ಲೇ ಚೈಯುನ್‌ಳ ಚಹಾ ಅಂಗಡಿ. ಆರು ಕುಳ್ಳು ಮಣೆ, ಒಂದು ಮೇಜು. ಕೂತವರು ಒಳಗೆ ಇಣುಕಿ, ದುಪ್ಪಟಿ ಹೊದ್ದ ಜಾಡಿಗಳನ್ನು ನೋಡಿ, “ಯಾರು ಮಲಗಿರೋದು?” ಎಂದು ಕೇಳುವರು. ಶಾಲೆಯಿಂದ ಬಂದ ಲಿನ್‌ಲಿನ್ ತುಟಿಯ ಮೇಲೆ ಬೆರಳಿಟ್ಟು, “ನಮ್ಮ ರುಯ್‌ಚಿನ್ ಅತ್ತೆಯ ಹೆಂಡ. ಮೆಲ್ಲಗೆ ಮಾತಾಡಿ,” ಎನ್ನುವಳು. ದೊಡ್ಡವರೆಲ್ಲ ಪಿಸುಗುಟ್ಟುತ್ತ ಚಹಾ ಕುಡಿದು ಹೋಗುವರು. ಧ್ವನಿವರ್ಧಕ ಹಿಡಿದು ಬಂದ ಮಾರ್ಗದರ್ಶಿಯೊಬ್ಬನನ್ನು ಮುದುಕಿ ಪೊರಕೆ ತೋರಿಸಿ ಅಂಗಳದ ಆ ತುದಿಗೆ ಓಡಿಸಿದಳು, ಬಾಯಿಂದ ಒಂದು ಶಬ್ದ ಹೊರಡಿಸದೆ.

ನಾಲ್ಕನೇ ದಿನ ಮೂರನೇ ಸಲ ಹೊರಗೆ ಹೋದರು. ಆಗಲೇ ಹಳೆಯ ಮಾತು ಬಂದದ್ದು.

ಶುರುವಾದದ್ದು ಶುಂಠಿಯಿಂದ. ಚೈಯುನ್ ತಂದ ಶುಂಠಿ ಎಳೆಯದಾಯಿತು, ಬಾಣಂತಿಗೆ ಬಲಿತ ಶುಂಠಿಯೇ ಆಗಬೇಕು ಎಂದು ಮುದುಕಿ ಹಂಗಿಸಿದಳು. ಚೈಯುನ್ ಬುಟ್ಟಿ ಕೆಳಗಿಟ್ಟಳು.

“ಒಂದು ಕೇಳ್ತೀನಿ ಅತ್ತೆ. ಈ ಸಲಾನೂ ಹೆಂಡ ಹುಳಿ ಬಂದ್ರೆ ಯಾರದ್ದು ತಪ್ಪು?”

“ಅದ್ಯಾಕೆ ಈಗ?”

“ಆವತ್ತು ನನ್ನ ಕಾಲ್ಗುಣ ಅಂದ್ರಿ. ಹೊಸ್ತಿಲು ತುಳಿದ ವರ್ಷಾನೇ ಹೆಂಡ ಹುಳಿ ಮಾಡ್ದೋಳು ಅಂತ ಈ ಮನೆಯೋರಿಗೆಲ್ಲ ಹೇಳ್ಕೊಂಡು ಬಂದ್ರಿ. ಹೊಟ್ಟೆ ಮುಂದಿಟ್ಕೊಂಡು ನಾನು ಬಾವಿ ಹತ್ರ ಹೋದ್ರೆ ಹೆಂಗಸ್ರು ಬಿಂದಿಗೆ ಸರಿಸೋರು. ಒಂಬತ್ತು ವರ್ಷ ಆಯ್ತು. ನಾನೇನಾದ್ರೂ ಅಂದಿದ್ದೀನಾ?”

ಯಿನ್‌ಮೆಯ್ ಬಾಯಿ ತೆರೆದಳು. ಅಷ್ಟರಲ್ಲಿ ಟಿಕೆಟ್ ಮೇಜಿನ ಹಿಂದಿನಿಂದ ಶುಯ್‌ಗೆನ್ ಮಾತಾಡಿದ. ಅವನಿಗೆ ಕಿವಿ ಮಂದವೆಂದು ಎಲ್ಲರೂ ತಿಳಿದಿದ್ದರು.

“ಅದು ಇವಳ ಕಾಲ್ಗುಣ ಅಲ್ಲ ಕಣೇ. ಹಂದಿದು.”

“ಯಾವ ಹಂದಿ?”

“ನಿನಗೆ ಹೇಳ್ದೆ ಹಂದಿ ಮಾರಿದ್ನಲ್ಲ, ಆವತ್ತು. ಜಾಡಿ ಮಲಗಿತ್ತು. ನೀನು ಒಲೆ ಮುಂದೆ ನಿಂತು ನನ್ನ ಅಪ್ಪ, ತಾತ, ಮುತ್ತಾತ ಎಲ್ಲರನ್ನೂ ಎಳೆದೆ. ನಾನೂ ಬಿಡ್ಲಿಲ್ಲ. ಈ ಹುಡುಗಿ ಆಗ ತವರಲ್ಲಿತ್ತು. ಮರೆತ್ಯಾ?”

ಟಿಕೆಟಿಗೆ ನಿಂತಿದ್ದ ನಾಲ್ಕು ಜನ ಯಿನ್‌ಮೆಯ್ ಕಡೆ ನೋಡಿದರು. ಯಿನ್‌ಮೆಯ್ ಶುಂಠಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಅವಳು ಮಾತು ನಿಲ್ಲಿಸಿದಳು. ಕೋಳಿಯನ್ನೂ ಬೈಯಲಿಲ್ಲ. ಹಣ್ಣು ಒತ್ತುತ್ತ, ಶುಂಠಿ ಕೆರೆಯುತ್ತ, ಮಂಡಿಗೆ ಎಣ್ಣೆ ತಿಕ್ಕುತ್ತ ಒಂದೂವರೆ ದಿನ ಕಳೆದಳು. ಲಿನ್‌ಲಿನ್ ಪಕ್ಕದಲ್ಲಿ ಬಂದು ಕೂತು, “ಅಜ್ಜಿ, ಒಳ್ಳೇ ಮಾತಾಡಿದ್ರೆ ಜಾಡಿಗೆ ಏನೂ ಆಗಲ್ಲ,” ಎಂದು ಸಮಾಧಾನ ಹೇಳಿದಳು. ಚೈಯುನ್‌ಗೆ ತಾನು ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಅಡುಗೆಮನೆ ತೀರಾ ಬಿಕೋ ಎನ್ನುತ್ತಿತ್ತು.

ಆರನೇ ದಿನ ಬೆಳಗ್ಗೆ ಅಳಿಯನ ಫೋನು ಬಂತು. ರುಯ್‌ಚಿನ್‌ಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದೇವೆ, ಎರಡು ವಾರ ಮೊದಲೇ ಆದರೂ ಹೆದರಬೇಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಫೋನಿಟ್ಟ ಯಿನ್‌ಮೆಯ್ ಸೀದಾ ಜಾಡಿಯ ಹತ್ತಿರ ಹೋಗಿ ದುಪ್ಪಟಿ ಸರಿಸಿದಳು. ಹಿಂದಿನ ರಾತ್ರಿ ವಿಪರೀತ ಸೆಕೆಯಾಗಿತ್ತು. ಗುಳಿಯಲ್ಲಿ ಹಳದಿ ನೀರು ತುಂಬಿ ಅಕ್ಕಿ ತೇಲುತ್ತಿತ್ತು. ಬಿದಿರಿನ ಸೌಟಿನಲ್ಲಿ ಸ್ವಲ್ಪ ತೆಗೆದು ನಾಲಿಗೆಗೆ ಹಾಕಿಕೊಂಡಳು. ಮತ್ತೆ ಹಾಕಿಕೊಂಡಳು. ಮೂರನೇ ಸಲ ಸೌಟು ತುಟಿಯ ಹತ್ತಿರ ತಂದವಳು ಹಾಗೇ ನಿಂತಳು.

“ಹೇಗಿದೆ ಅತ್ತೆ?”

ಮುದುಕಿ ತಿರುಗಲಿಲ್ಲ. “ನೀನು ನೋಡು.”

“ನಾನಾ? ನಿಮ್ಮ ಮುಂದೆ ನಾನು ರುಚಿ ನೋಡೋದಾ?”

“ನೋಡು ಅಂದೆ.” ಸೌಟನ್ನು ಸೊಸೆಯ ಕಡೆ ಚಾಚಿದಳು. “ವಸಂತದಲ್ಲಿ ಜ್ವರ ಬಂತಲ್ಲ, ಆಮೇಲಿಂದ ನಾಲಿಗೆಗೆ ಏನೂ ತಿಳೀತಿಲ್ಲ. ಉಪ್ಪೂ ಒಂದೇ, ಸಕ್ಕರೇನೂ ಒಂದೇ. ಯಾರ ಹತ್ರಾನೂ ಹೇಳಬೇಡ.”

ಚೈಯುನ್‌ಗೆ ಇಷ್ಟು ತಿಂಗಳು ಮಗಳ ಬಟ್ಟಲಿಗೆ ಸುರಿದ ಬಿಸಿನೀರು ನೆನಪಾಯಿತು. ಅವಳು ಸೌಟು ತೆಗೆದುಕೊಂಡು, ಹೆಂಡವನ್ನು ಬಾಯಿಯಲ್ಲಿ ಆಡಿಸಿ, ಕಣ್ಣು ಮುಚ್ಚಿ ನುಂಗಿದಳು. ಎರಡನೇ ಜಾಡಿಯದನ್ನೂ ನೋಡಿದಳು. ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಮತ್ತೆ ನೋಡಿದಳು.

“ಸಿಹಿ ಇದೆ,” ಎಂದಳು. “ಎರಡೂ ಸಿಹಿ ಇದೆ. ಆದ್ರೆ ಈ ಜಾಡೀದು ನುಂಗಿದ ಮೇಲೆ ಗಂಟಲ ಹತ್ರ ಚುರ್ ಅನ್ನುತ್ತೆ.”

“ಎಷ್ಟು? ಹುಳಿ ಕಿತ್ತಳೆ ಹಾಗಾ?”

“ಇಲ್ಲ. ಹುಳಿ ಆಗಿಲ್ಲ, ಆಗೋಕೆ ಹೊರಟಿದೆ. ನನ್ನ ಕೇಳಿದ್ರೆ ನಾಳೆ ತನಕ ಕಾಯೋದು ಬೇಡ. ಇವತ್ತೇ ಸೋಸಿ ಬೆಂಕಿಗಿಡೋಣ.”

“ಏಳು ದಿನ ಆಗ್ಬೇಕು. ಯಾವತ್ತೂ ಏಳು ದಿನಕ್ಕೆ ಮುಂಚೆ ನಾನು ತೆಗೆದಿಲ್ಲ.”

“ಅದು ಚಳಿಗಾಲದ್ದು, ಅತ್ತೆ.”

ಯಿನ್‌ಮೆಯ್ ಸೊಸೆಯ ಮುಖವನ್ನೇ ನೋಡಿದಳು. ಒಂಬತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡವಳು ಇವಳು. ಈಗ ಇವಳು ಸಿಹಿ ಎಂದರೆ ಸಿಹಿ, ಹುಳಿ ಎಂದರೆ ಹುಳಿ, ತನಗೆ ತಿಳಿಯುವ ದಾರಿಯೇ ಇಲ್ಲ. ಮುದುಕಿ ತಲೆಗೆ ಬಟ್ಟೆ ಕಟ್ಟಿಕೊಂಡಳು.

“ಬಟ್ಟೆ ತಗೊಂಡು ಬಾ. ಸೋಸೋಣ.”

ಅಂಗಳದಲ್ಲಿ ಬೆಂಕಿ ಹಾಕಲು ಪ್ರವಾಸೋದ್ಯಮ ಕಚೇರಿಯವರು ಬಿಡುವುದಿಲ್ಲ, ಗೋಡೆ ಮಣ್ಣಿನದಾದರೂ ಒಳಗೆಲ್ಲ ಮರ. ಹಾಗಾಗಿ ಸೋಸಿದ ಹೆಂಡವನ್ನು ಜಾಡಿಗಳಿಗೆ ತುಂಬಿ, ಬಾಯಿಗೆ ಎಲೆ ಕಟ್ಟಿ, ಹೊರಗಿನ ಒಕ್ಕಣೆ ಕಣಕ್ಕೆ ಸಾಗಿಸಿದರು. ವೆನ್‌ಕುಯ್ ಅವತ್ತು ವ್ಯಾನು ತೆಗೆಯಲಿಲ್ಲ. ಸುತ್ತ ಹುಲ್ಲು ಒಟ್ಟಿ, ಮೇಲೆ ಭತ್ತದ ಹೊಟ್ಟು ಸುರಿದು ಕಿಡಿ ಹಚ್ಚಿದರು. ಉರಿ ಏಳಬಾರದು, ಹೊಟ್ಟು ಒಳಗೊಳಗೇ ಕನಲಬೇಕು. ಬೂದಿಯ ನಡುವೆ ಜಾಡಿಯೊಳಗಿನ ಹೆಂಡ ಕುದಿಯುವ ಸದ್ದು ಕೇಳಬೇಕು. ಪ್ರವಾಸಿಗಳು ಸುತ್ತ ನೆರೆದು ಫೋಟೋ ಹೊಡೆದರು. ಶುಯ್‌ಗೆನ್ ಮೇಜು ಬಿಟ್ಟು ಬಂದು ಹೊಟ್ಟು ಕೆದಕುವ ನೆಪದಲ್ಲಿ ಕೂತ.

ಯಿನ್‌ಮೆಯ್ ಮಣೆಯ ಮೇಲೆ ಕೂತು ಬೆಂಕಿ ನೋಡುತ್ತಿದ್ದಳು. “ಜಾಡಿ ಎದ್ದಾಯ್ತು. ಇನ್ನು ಜಗಳ ಆಡಬಹುದು,” ಎಂದಳು.

“ಏನಾದ್ರೂ ಉಳಿದಿದ್ಯಾ ಅತ್ತೆ?” ಎಂದಳು ಚೈಯುನ್.

“ಒಂದಿದೆ.” ಮುದುಕಿ ಕಡ್ಡಿಯಿಂದ ಬೂದಿ ಸರಿಸಿದಳು. “ಹಂದಿ ವಿಷಯ ನಾನು ಮರೆತಿರ್ಲಿಲ್ಲ. ಮುದುಕ ಮರೆತಿದ್ದಾನೆ ಅಂದ್ಕೊಂಡಿದ್ದೆ. ಹುಳಿ ನನ್ನಿಂದ ಬಂತು ಅಂತ ಬಾವಿಕಟ್ಟೇಲಿ ಹೇಳೋಕೆ ನಾಚಿಕೆ ಆಯ್ತು. ನೀನು ಹೊಸಬಳು. ನಿನ್ನ ಮೇಲೆ ಹಾಕೋದು ಸುಲಭ ಆಯ್ತು.”

ಹೊಗೆ ಚೈಯುನ್ ಕಡೆಗೇ ತಿರುಗಿತ್ತು. ಕಣ್ಣು ಒರೆಸಿಕೊಂಡು, “ಹೊಟ್ಟು ಇನ್ನೊಂದು ಬುಟ್ಟಿ ಬೇಕು,” ಎಂದು ಎದ್ದು ಹೋದಳು.

ಅವಳು ಬುಟ್ಟಿ ಹೊತ್ತು ಬರುವಷ್ಟರಲ್ಲಿ ವೆನ್‌ಕುಯ್ ಫೋನು ಎತ್ತಿ ಹಿಡಿದು ಕೂಗುತ್ತಿದ್ದ: “ಹೆಣ್ಣುಮಗು! ಎರಡೂವರೆ ಕಿಲೋ! ಇಬ್ರೂ ಚೆನ್ನಾಗಿದ್ದಾರೆ!” ಯಿನ್‌ಮೆಯ್ ಎದ್ದು ನಿಂತಳು, ಮಂಡಿಯ ನೋವಿಗೆ ಮತ್ತೆ ಕೂತಳು. ಯಾರೆಂದು ಗೊತ್ತಿಲ್ಲದ ಪ್ರವಾಸಿ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡು ಕುಣಿದಳು. ಜಾಡಿಯೊಳಗೆ ಹೆಂಡ ಗುಳುಗುಳು ಎಂದು ಕುದಿಯತೊಡಗಿತ್ತು.

ಮಾರನೆಯ ಬೆಳಗ್ಗೆ ಜಾಡಿಗಳ ಬಾಯಿ ಬಿಚ್ಚಿದಾಗ ಹೆಂಡ ಚಹಾದ ಬಣ್ಣಕ್ಕೆ ತಿರುಗಿತ್ತು. ಚೈಯುನ್ ರುಚಿ ನೋಡಿ ತಲೆಯಾಡಿಸಿದಳು. ವೆನ್‌ಕುಯ್ ವ್ಯಾನಿನ ಹಿಂದಿನ ಸೀಟು ತೆಗೆದು ಎರಡು ಜಾಡಿ, ಪಂಜರದಲ್ಲಿ ಹತ್ತು ಕೋಳಿ, ಬಲಿತ ಶುಂಠಿಯ ಚೀಲ, ಒಂದು ತಟ್ಟೆ ಅರೆ ಒಣಗಿದ ಪರ್ಸಿಮನ್ ತುಂಬಿದ. ಅವ್ವ ಒಂದು ತಿಂಗಳು ಮಗಳ ಮನೆಯಲ್ಲಿರುವುದೆಂದು ನಿಶ್ಚಯವಾಗಿತ್ತು.

ಹೊರಡುವ ಮೊದಲು ಯಿನ್‌ಮೆಯ್ ಅಡುಗೆಮನೆಯಲ್ಲಿ ಒಂದು ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಬಾಗಿಲು ತೆಗೆದು ಚೈಯುನ್‌ಳನ್ನು ಕರೆದು ಮಣೆ ತೋರಿಸಿದಳು. ಮೇಜಿನ ಮೇಲೆ ದೊಡ್ಡ ಬಟ್ಟಲಲ್ಲಿ ಶುಂಠಿ ಹೆಂಡದ ಕೋಳಿ ಹಬೆಯಾಡುತ್ತಿತ್ತು.

“ಇದು ಯಾರಿಗೆ?”

“ಕೂತ್ಕೋ. ಆರಿದ್ರೆ ಚೆನ್ನಾಗಿರಲ್ಲ.”

ಲಿನ್‌ಲಿನ್ ಬಗ್ಗಿ ಮೂಸಿದಳು. “ಇದು ಬಾಣಂತಿ ತಿನ್ನೋದು ಅಲ್ವಾ? ಅಮ್ಮಂಗೂ ಪಾಪು ಬಂತಾ?”

“ಬಂತು. ನೀನೇ,” ಎಂದಳು ಅಜ್ಜಿ. “ನಿಮ್ಮಮ್ಮನಿಗೆ ಇದು ಬರೋದು ಸ್ವಲ್ಪ ತಡ ಆಯ್ತು.”

ಚೈಯುನ್ ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ಸಾರು ಕುಡಿದಳು. ಅತ್ತೆ ಎದುರಿಗೆ ಕೂತು ಅವಳ ಗಂಟಲನ್ನೇ ನೋಡುತ್ತಿದ್ದಳು.

“ಹೇಗಿದೆ?”

“ಉಪ್ಪು,” ಎಂದಳು ಚೈಯುನ್. ಬಟ್ಟಲು ಮಾತ್ರ ಕೆಳಗಿಡಲಿಲ್ಲ. “ರುಯ್‌ಚಿನ್ ಮನೇಲಿ ಉಪ್ಪು ನೀವು ಹಾಕಬೇಡಿ ಅತ್ತೆ. ಅಳಿಯಂದ್ರ ಕೈಲಿ ಹಾಕಿಸಿ. ಹೆಂಡದ ರುಚಿ ನೋಡ್ಬೇಕಾದ್ರೆ ನಂಗೆ ಫೋನ್ ಮಾಡಿ, ಬಸ್ಸಲ್ಲಿ ಬರ್ತೀನಿ.”

“ಒಂದು ಸೌಟು ರುಚಿ ನೋಡೋಕೆ ನಾಲ್ಕು ಗಂಟೆ ಬಸ್ಸಾ?”

“ಇನ್ನೇನು, ಸೌಟು ಪೋಸ್ಟಲ್ಲಿ ಕಳಿಸ್ತೀರಾ?”

ಬಟ್ಟಲು ಖಾಲಿಯಾಗುವ ತನಕ ಮುದುಕಿ ಎದ್ದೇಳಲಿಲ್ಲ. “ಒಂದು ದಿನದ್ದು ಆಯ್ತು,” ಎಂದಳು. “ಇನ್ನು ಇಪ್ಪತ್ತೊಂಬತ್ತು ದಿನದ್ದು ಬಾಕಿ.”

ವ್ಯಾನು ಹೆಬ್ಬಾಗಿಲ ಮುಂದೆ ನಿಂತಿತ್ತು. ಮುದುಕಿ ಹತ್ತಿ ಕೂತು, ಕೋಳಿಪಂಜರವನ್ನು ಕಾಲ ಸಂದಿಗೆ ಎಳೆದುಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಹೆಬ್ಬಾಗಿಲಿಂದ ಹೊರಗೆ ಅವಳ ದನಿ ಪೂರಾ ಮರಳಿ ಬಂದಿತ್ತು.

“ಏ ಚೈಯುನ್! ಕಣಜದಲ್ಲಿ ಸಣ್ಣ ಜಾಡಿ ಇಟ್ಟಿದ್ದೀನಿ. ಅದನ್ನೇನಾದ್ರೂ ಮಾರಿದ್ರೆ ನಿನ್ನ ಕಾಲು ಮುರೀತೀನಿ!”

“ಹೋಗಿ ಬನ್ನಿ ಅತ್ತೆ! ಮಂಡಿ ಜೋಪಾನ!”

ಶುಯ್‌ಗೆನ್ ಟಿಕೆಟ್ ಕಟ್ಟನ್ನು ಗಾಳಿಯಲ್ಲಿ ಆಡಿಸಿದ. ವ್ಯಾನು ಹಳ್ಳದ ಸೇತುವೆ ದಾಟಿತು.

ಚೈಯುನ್ ಕಣಜಕ್ಕೆ ಹತ್ತಿದಳು. ಬೋರಲು ಹಾಕಿದ್ದ ಮೂರು ದೊಡ್ಡ ಜಾ‌ಡಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅದರ ಪಕ್ಕದಲ್ಲಿ ಐದು ಕಿಲೋ ಹಿಡಿಯುವ ಸಣ್ಣ ಜಾಡಿ. ಹೊಟ್ಟೆಯ ಮೇಲೆ ಕೆಂಪು ಕಾಗದದ ಚೂರು, ಸ್ವಲ್ಪ ಸೊಟ್ಟಗೆ ಅಂಟಿಸಿತ್ತು. ಮಂಡಿನೋವಿನ ಮುದುಕಿ ಇದನ್ನು ಯಾವ ಹೊತ್ತಿನಲ್ಲಿ ಹೊತ್ತು ಹತ್ತಿದಳೋ ತಿಳಿಯಲಿಲ್ಲ. ಚೈಯುನ್ ಅದನ್ನು ಎರಡು ಕೈಯಲ್ಲೂ ತಬ್ಬಿ ಕೆಳಗೆ ತಂದು, ದುಪ್ಪಟಿ ಹೊದ್ದ ಜಾಡಿಗಳಿದ್ದ ಜಾಗದಲ್ಲಿ, ತಂಪು ಗೋಡೆಯ ಹತ್ತಿರ ಇಟ್ಟಳು.

ಹನ್ನೊಂದು ಗಂಟೆಗೆ ಮೊದಲ ಬಸ್ಸಿನ ಜನ ಬಂದರು. ಚೈಯುನ್ ಬಿಸಿಲಿಗೆ ತಟ್ಟೆ ಸರಿಸಿ ಬಂದು ಚಹಾ ಹಾಕಿದಳು. ಬಿಳಿ ಟೋಪಿಯ ಹೆಂಗಸೊಬ್ಬಳು ಒಳಗೆ ಇಣುಕಿ ಜಾಡಿಯತ್ತ ಬೆರಳು ಮಾಡಿದಳು.

“ಅದು ಮನೇಲಿ ಮಾಡಿದ ಹೆಂಡಾನಾ? ಎಷ್ಟು?”

“ಅದು ಮಾರೋದಲ್ಲ. ಬಾಣಂತಿದು.”

“ಓ! ಮನೇಲಿ ಬಾಣಂತಿ ಇದ್ದಾರಾ? ಯಾರು?”

ಅಜ್ಜಿಯನ್ನು ಕಳಿಸಿ ತಡವಾಗಿ ಶಾಲೆಗೆ ಹೊರಟಿದ್ದ ಒಂಬತ್ತು ವರ್ಷದ ಮಗಳ ಚೀಲದ ಪಟ್ಟಿ ಸರಿಮಾಡುತ್ತ ಚೈಯುನ್, “ನಾನೇ,” ಎಂದಳು.